ಮೇಣದ ಡಬ್ಬಿಯ ತಗ್ಗು

ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂಬುದು ಮಾತ್ರ ಮೊದಲಿನಷ್ಟು ಸ್ಪಷ್ಟವಿಲ್ಲ.

ಇಂಡಿ ಪಟ್ಟಣದಲ್ಲಿ ನಮ್ಮ ಓಣಿಯ ಹೆಂಗಸರ ಸಂಘ ನಿಂಬೆಹೋಳು ಒಣಗಿಸಿ ಮಾರುತ್ತದೆ. ಅದಕ್ಕಾಗಿ ಮಾಳಿಗೆಯ ಮೇಲೆ ಬಿಸಿಲಿನ ಪೆಟ್ಟಿಗೆಯೊಂದಿದೆ. ಒಳಗೆ ಮೇಲಿನ ಸಾಲಿನಲ್ಲಿ ಮೇಣ ತುಂಬಿ ಮುಚ್ಚಿದ ತಗಡಿನ ಡಬ್ಬಿಗಳು, ಕೆಳಗೆ ಹೋಳಿನ ತಟ್ಟೆಗಳು. ಹಗಲೆಲ್ಲ ಮೇಣ ಕರಗುತ್ತದೆ. ಹೊತ್ತು ಮುಳುಗಿದ ಮೇಲೆ ಗಟ್ಟಿಯಾಗುತ್ತ, ಕರಗುವಾಗ ನುಂಗಿದ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನೇ ಇದನ್ನು ಹೇಳಿಕೊಟ್ಟವಳು. ಪೆಟ್ಟಿಗೆಯ ಕೀಲಿ ನಮ್ಮ ಕಾಕುವಿನ ಹತ್ತಿರ, ಅಂದರೆ ಚಿಕ್ಕಪ್ಪನ ಹೆಂಡತಿಯ ಹತ್ತಿರ ಇತ್ತು. ಅರವತ್ತು ದಾಟಿದ ಮೇಲೆ ಸಿಕ್ಕ, ತನ್ನದೆನ್ನಬಹುದಾದ ಮೊದಲ ಕೆಲಸ. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ತಿರುಗುತ್ತಿದ್ದಳು.

ಡಬ್ಬಿಗೆ ಕಾದ ಮೇಣ ಸುರಿದವಳೂ ಅವಳೇ. ಆರಿದಾಗ ಮೇಣ ಕುಗ್ಗಿ ನಡುವೆ ತಗ್ಗು ಬೀಳುತ್ತದೆ. ಮತ್ತೆ ಕರಗಿದಾಗ ಹಿಗ್ಗಲು ಬೇಕಾದ ಜಾಗ ಅದು. ಕಾಕು ಜೋಳ ಅಳೆಯುವಾಗ ಸೇರನ್ನು ಕುಟ್ಟಿ, ಕಾಳು ಕೂತಷ್ಟೂ ಮೇಲೊಂದು ಹಿಡಿ ಹಾಕುವವಳು. ಇಲ್ಲೂ ಹಾಗೇ ಮಾಡಿದಳು. ತಗ್ಗು ತುಂಬಿ ಮುಚ್ಚಿದಳು. ಮೊದಲ ಬಿಸಿಲಿಗೇ ಡಬ್ಬಿಗಳ ಬೆಸುಗೆ ಬಿಟ್ಟು, ಹೋಳಿನ ಮೇಲೆಲ್ಲ ಮೇಣ ಸುರಿಯಿತು.

ಪೆಟ್ಟಿಗೆ ಕೊಡಿಸಿದ ಇಲಾಖೆಯಿಂದ ನೋಡಲು ಬಂದ ಸಾಹೇಬರು ಎಲ್ಲರ ಮುಂದೆ ಅಂದರು: "ಮುದುಕ್ಯಾರ ಕೈಯಾಗ ಮಷಿನ್ ಕೊಟ್ರ ಹಿಂಗ ಆಗತೈತಿ. ನಿಮಗ ಮೇಡಂ ಹೇಳಿದ್ದಿಲ್ಲೇನು?"

ಕಾಕು ನನ್ನ ಮುಖ ನೋಡಿದಳು. "ಹೇಳಿದ್ಲುರಿ. ನಾನ ಮರತೆ."

ಕೀಲಿ ಬೇರೊಬ್ಬ ಹೆಣ್ಣುಮಗಳ ಕೈಗೆ ಹೋಯಿತು. ಸಾಹೇಬರ ಮೇಲೆ ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ತೆರೆಯಲಿಲ್ಲ. ತಗ್ಗಿನ ವಿಷಯ ಹೇಳಿದ್ದೆ ಎಂದು ಆಗ ನಂಬಿದ್ದೆ. ತಗ್ಗನ್ನು ಬೆರಳಿನಿಂದ ತೋರಿಸಿದ ಚಿತ್ರವೂ ಕಣ್ಣಮುಂದಿತ್ತು. ಮನೆಗೆ ಬಂದು ದಿನಚರಿ ತೆಗೆದರೆ ನನ್ನದೇ ಅಕ್ಷರ: "ಕಾಕುಗೆ ಡಬ್ಬಿ ಪೂರ್ತಿ ತುಂಬಲು ಹೇಳಿ ಬಂದೆ. ಬಸ್ಸಿಗೆ ಅವಸರ." ತಗ್ಗಿನ ಸುದ್ದಿಯೇ ಇಲ್ಲ. ಆ ಬೆರಳಿನ ಚಿತ್ರ ಎಲ್ಲಿಂದ ಬಂತು? ತರಗತಿಯಲ್ಲಿ ತೋರಿಸಿದ್ದೆನೇನೋ. ಅದನ್ನೂ ಆಣೆ ಮಾಡಿ ಹೇಳಲಾರೆ.

ಮಾಳಿಗೆಯ ಮೇಲೇ ಸೇರಿದ ಮುಂದಿನ ಸಭೆಯಲ್ಲಿ ಎದ್ದು ನಿಂತು ಆ ಪುಟ ಓದಿದೆ. ತಪ್ಪು ನನ್ನದು, ಕೀಲಿ ಕಾಕುಗೆ ಕೊಡಿ ಎಂದೆ.

ಸಾಹೇಬರು ನಕ್ಕರು. "ಮೇಡಂದು ದೊಡ್ಡ ಮನಸು. ಮನಿ ಮಂದಿನ ಉಳಸಾಕ ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ."

ಹೆಂಗಸರೂ ನಕ್ಕರು. ಪುಟವನ್ನು ಅವರ ಮುಂದೆ ಹಿಡಿದೆ. ಯಾರೂ ಕೈ ಚಾಚಲಿಲ್ಲ. ಕಲಿತವಳು ತಪ್ಪುತ್ತಾಳೆ ಎಂಬುದನ್ನು ನಂಬಲು ಅಲ್ಲಿ ಒಬ್ಬರೂ ಸಿದ್ಧರಿರಲಿಲ್ಲ. ಅಂದು ಬಾಯಿ ಮುಚ್ಚಿ ನಿಂತಾಗ ನಾನೂ ಅವರಲ್ಲೊಬ್ಬಳೇ ಆಗಿದ್ದೆ.

ಮೆಟ್ಟಿಲಿಳಿಯುವಾಗ ನಾನು ಬುಸುಗುಡುತ್ತಿದ್ದೆ. ಕಾಕು ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸಿಟ್ಟು ಆಮ್ಯಾಲ ಮಾಡೀಯಂತ. ಹೊಸಾ ಡಬ್ಬಿಗೆ ಮುಂಜಾನಿ ಮೇಣಾ ಹಾಕ್ಯಾರ. ತಗ್ಗು ಹಂಗ ಬಿಡಬೇಕು ಅಂತ ಆ ಹೆಣ್ಮಗಳಿಗರೆ ಹೇಳೀಯೇನು?"

ಹೇಳಿರಲಿಲ್ಲ. ಈ ಸಲ ದಿನಚರಿ ನೋಡುವ ಅಗತ್ಯವಿರಲಿಲ್ಲ. ತಿರುಗಿ ಮಾಳಿಗೆ ಹತ್ತಿದೆ.