ಎರ್ಮಿನಿಯಾ ತಿರುಗಿಸಿದ ಫಿಲ್ಮು

ಅರಿಜೋನಾದ ಗಡಿಸೀಮೆಯ ನಮ್ಮ ಶವಾಗಾರದಲ್ಲಿ ಎರ್ಮಿನಿಯಾ ಮೂಳೆ ತೊಳೆಯುವವಳು. ಮರುಭೂಮಿ ದಾಟುವಾಗ ಸತ್ತವರ ಗುರುತು ಹಚ್ಚಲೆಂದು ಅವರ ಮೂಳೆಗಳನ್ನು ಸಣ್ಣ ಉರಿಯಲ್ಲಿ ಕುದಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಓದಿದ್ದು ಆರನೇ ಕ್ಲಾಸು. ನಾನು ಅಲ್ಲಿನ ಗುಮಾಸ್ತ. ಡಾಕ್ಟರುಗಳು ಅವಳ ಮಾತು ಕಿವಿಗೆ ಹಾಕಿಕೊಳ್ಳದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ಗುರುವಾರ ಗಡಿಯಾಚೆ ಮೆಕ್ಸಿಕೋದ ಸೊನೋರಾದಿಂದ ಕ್ರೆಸೆನ್ಸಿಯಾ ಎಂಬ ಮುದುಕಿ ಬಂದಳು. ಮಗ ಎವಾರಿಸ್ಟೊ ಗಡಿ ದಾಟಲು ಹೊರಟು ಕಾಣೆಯಾಗಿ ಒಂಬತ್ತು ವರ್ಷ. ಅವನು ಹಿಂದೊಮ್ಮೆ ತಲೆನೋವೆಂದು ತೆಗೆಸಿದ್ದ ಎಕ್ಸ್‌ರೇಯನ್ನು ದಿಂಬಿನ ಚೀಲದಲ್ಲಿಟ್ಟು ತಂದಿದ್ದಳು. ಹುಬ್ಬಿನ ಮೇಲೆ ಮೂಳೆಯೊಳಗಿರುವ ಪೊಳ್ಳು ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿರುವುದಿಲ್ಲ. ನಮ್ಮಲ್ಲಿದ್ದ ಒಂದು ಬುರುಡೆ ಅವನದಿರಬಹುದೆಂಬ ಗುಮಾನಿಯಿತ್ತು. ಡಿಎನ್‌ಎ ತೆಗೆಯಲು ಬಿಸಿಲು ಏನನ್ನೂ ಉಳಿಸಿರಲಿಲ್ಲ. ಎಕ್ಸ್‌ರೇ ಹೊಂದದಿದ್ದರೆ ಸೋಮವಾರ ಆ ಬುರುಡೆ ಹೆಸರಿಲ್ಲದೆ ಬೂದಿಯಾಗುತ್ತಿತ್ತು.

ಡಾಕ್ಟರ್ ವಿಟ್ಲಾಕ್ ಬುರುಡೆಯ ಎಕ್ಸ್‌ರೇ ಪಕ್ಕ ಮುದುಕಿಯ ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ ನೋಡಿದರು.

"ಇವನಲ್ಲ. ನಮ್ಮ ಬುರುಡೇಲಿ ಎಡಗಡೆ ಪೊಳ್ಳು ದೊಡ್ಡದು, ಇದ್ರಲ್ಲಿ ಬಲಗಡೆ."

ಮುದುಕಿ ಅಳಲಿಲ್ಲ, ಖಾಲಿ ದಿಂಬಿನ ಚೀಲ ಮಡಚುತ್ತ ಕುರ್ಚಿಯಲ್ಲಿ ಕೂತಳು. ಎರ್ಮಿನಿಯಾ ನೀರು ಕೊಟ್ಟು ಪಕ್ಕ ಕೂತಳು.

"ನಿಮ್ಮ ಹುಡುಗ ಹೆಂಗಿದ್ದ ಹೇಳಿ, ದೊನ್ಯಾ," ಎಂದು ಹಿರಿಯರನ್ನು ಅವರ ಕಡೆ ಕರೆಯುವಂತೆ ಕರೆದು ಕೇಳಿದಳು.

"ನಕ್ರೆ ಇಲ್ಲಿ ಚಿನ್ನದ ಹಲ್ಲು ಕಾಣ್ತಿತ್ತಮ್ಮ," ಮುದುಕಿ ತನ್ನ ಎಡಗೆನ್ನೆ ಮುಟ್ಟಿಕೊಂಡಳು. "ಹುಡ್ಗೀರ್ಗೆ ತೋರ್ಸೋಕೇ ಒಂದು ಬದಿ ನಗ್ತಿದ್ದ, ಕಳ್ಳ."

ಎರ್ಮಿನಿಯಾ ದಡಕ್ಕನೆ ಎದ್ದಳು. ಬುರುಡೆಯಲ್ಲಿ ಆ ಹಲ್ಲು ಉದುರಿಹೋಗಿತ್ತು. ಫಿಲ್ಮಿನಲ್ಲಿ ಚಿನ್ನದ ಬಿಳಿ ಚುಕ್ಕೆ ಇತ್ತು, ಆದರೆ ಬಲಗಡೆ.

"ಡಾಕ್ಟ್ರೇ, ಫಿಲ್ಮು ಹಿಂದುಮುಂದಾಗಿದೆ."

"ಫಿಲ್ಮಿನ ಮೇಲಿನ ಹೆಸರಿನ ಚೀಟಿ ಸರಿಯಾಗೇ ಓದೋಕೆ ಬರ್ತಿದೆಯಲ್ಲ?"

"ಚೀಟಿ ಯಾರೋ ಹಿಂದ್ಗಡೆ ಅಂಟ್ಸಿರ್ತಾರೆ. ನೀವು ಗೋಂದನ್ನ ನಂಬ್ತೀರೋ, ಹೆತ್ತೋಳ್ನ ನಂಬ್ತೀರೋ?"

ಉತ್ತರಕ್ಕೂ ಕಾಯದೆ ಫಿಲ್ಮು ಕಿತ್ತು ತಿರುವಿ ಸಿಕ್ಕಿಸಿಬಿಟ್ಟಳು. ಡಾಕ್ಟರು ಬಗ್ಗಿ ಒಂದೊಂದೇ ಅಂಚನ್ನು ಹೋಲಿಸಿದರು. ಎಡಗಡೆಯ ದೊಡ್ಡ ಪೊಳ್ಳು, ನಡುವಿನ ಓರೆ ಗೋಡೆ, ಮೇಲಿನ ಏಳು ಉಬ್ಬುತಗ್ಗು, ಎಲ್ಲ ಅಚ್ಚೊತ್ತಿದಂತೆ ಕೂತವು.

"ಇವನೇ!" ಎಂದು ಕೂಗಿದರು. "ಎರ್ಮಿನಿಯಾ, ನಾನು ಕತ್ತೆ."

"ಪರ್ವಾಗಿಲ್ಲ ಡಾಕ್ಟ್ರೇ, ನಂಗೆ ಗೊತ್ತಿತ್ತು."

ಐವತ್ತಾರು ವರ್ಷದ ನಾನು ಶವಾಗಾರದಲ್ಲಿ ನಿಂತು ಸಿಳ್ಳೆ ಹೊಡೆದೆ. ಮಾನಮರ್ಯಾದೆ ಹಾಳಾಗಿಹೋಗಲಿ, ಅಷ್ಟು ಖುಷಿಯಾಗಿತ್ತು.

ಮುದುಕಿ ಎರ್ಮಿನಿಯಾಳ ಎರಡೂ ಕೈಗೆ ಮುತ್ತಿಟ್ಟಳು. ಆಮೇಲಷ್ಟೇ ಅತ್ತಳು. ಅಳುತ್ತಲೇ ಊರಿಗೆ ಫೋನು ಹಚ್ಚಿ ಮಗಳಿಗೆ ಹೇಳಿದಳು:

"ಬ್ಯಾಂಡಿನೋರ್ಗೆ ಹೇಳೇ, ಜೋರಾಗಿ ಬಾರಿಸ್ಬೇಕು ಅಂತ. ಅಣ್ಣನ್ನ ಮನೆಗೆ ಕರ್ಕೊಂಡ್ ಬರ್ತಿದೀನಿ."