ಹುಳ ಬರುವವರೆಗೆ

ಸುಗಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆಗೆ ಹೊಸ ಕೊಠಡಿ ಕಟ್ಟಿ ವರ್ಷವಾಗಿತ್ತು. ನಕ್ಷೆ ನನ್ನದೇ. ಮಾರ್ಚ್ ತಿಂಗಳ ಒಂದು ಸುಡು ಮಧ್ಯಾಹ್ನ, ಹೇಗಿದೆ ನೋಡೋಣವೆಂದು ಹೋದರೆ ಕೊಠಡಿಗೆ ಬೀಗ. ಪಕ್ಕದ ರೇಷ್ಮೆ ಹುಳದ ಮನೆಯೊಳಗಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು.

ಆ ಮನೆಯ ಯಜಮಾನಿ ಬಾಗಿಲಲ್ಲೇ ತಡೆದರು. "ಬೂಟು ಹೊರಗೆ ಬಿಡಿ ಸಾರ್. ಹುಳ ಇಲ್ದಿದ್ರೂ ನಮ್ಮಲ್ಲಿ ಹಂಗೇ."

ಹಿಂದಿನ ಗೂಡಿನ ಬೆಳೆ ಮುಗಿದ ಮೇಲೆ ತೊಳೆದು ಆರಿಸಿದ್ದ ಖಾಲಿ ಮನೆಯಲ್ಲಿ ಮೇಷ್ಟ್ರು ಪಾಠ ಮಾಡುತ್ತಿದ್ದರು. ಎರಡು ಗೋಡೆಗೂ ಎದುರುಬದುರು ಕಿಟಕಿ, ಮೇಲೆ ಬಿಸಿಗಾಳಿ ಹೋಗಲು ಕಿಂಡಿ. ಬರಿಗಾಲಿಗೆ ನೆಲ ತಣ್ಣಗಿತ್ತು. ಶಾಲೆಯ ನಕ್ಷೆಯಲ್ಲಿ ನಾನೂ ಎರಡು ಕಡೆ ಕಿಟಕಿ ಬರೆದಿದ್ದೆ. ಆಫೀಸಿನಲ್ಲಿ ಒಂದು ಕಡೆಯದನ್ನು ಹೊಡೆದುಹಾಕಿದರು. ವಾದ ಮಾಡಿ ಮಾಡಿ ಸಾಕಾಗಿ ಸಹಿ ಹಾಕಿದ್ದೆ.

"ಆ ಶಾಲೆ ರೂಮಿನ ಪ್ಲಾನ್ ನಂದು. ಇದಕ್ಕೆ ಯಾರು ಹಾಕಿದ್ದಮ್ಮ?" ಎಂದೆ.

"ಯಾರೂ ಇಲ್ಲ ಸಾರ್. ಸೆಕೆ ಆದ್ರೆ ಹುಳ ಸೊಪ್ಪು ಮುಟ್ಟಲ್ಲ, ಬೆಳೆ ಹೋಗ್ಬಿಡ್ತದೆ. ಅದಕ್ಕೇ ಹಿಂಗೆ ಕಟ್ಟಿದ್ವಿ."

ನಾನು ಹೊರಗೆ ಬಂದು ಬೂಟು ಹಾಕಿಕೊಳ್ಳತೊಡಗಿದೆ. ನನ್ನ ಮುಖ ನೋಡಿ ಆಕೆಗೆ ಪಾಪ ಅನಿಸಿರಬೇಕು.

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದರು. "ಸೋಮವಾರ ಹೊಸ ಹುಳ ಬರ್ತವೆ. ಆಮೇಲೆ ಮಕ್ಕಳ್ನ ನಿಮ್ಮ ರೂಮಿಗೇ ಕಳಿಸ್ತೀವಿ."