ಹೂವಿನ ಜೊತೆ ಹೋದ ರಿಮೋಟ್

ನಮ್ಮ ಬೈಕಿಗೆ ಕೀ ಇರಲಿಲ್ಲ. ಬೀಗ ಸವೆದು, ಬೀರುವಿನ ಕೀ ಹಾಕಿದರೂ ತಿರುಗುವ ಹಾಗಾದಾಗ ಅಪ್ಪ ಅದನ್ನು ಮಂಡಿ ಮೊಹಲ್ಲಾಕ್ಕೆ ಒಯ್ದು ರಿಮೋಟ್ ಹಾಕಿಸಿಕೊಂಡು ಬಂದರು. ಅದು 2003ರಲ್ಲಿ. ಸೀಟಿನ ಕೆಳಗೆ ಒಂದು ಕಪ್ಪು ಡಬ್ಬಿ, ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಮೋಟ್. ಗುಂಡಿ ಒತ್ತಿ ಕಿಕ್ ಹೊಡೆದರೆ ಎಂಜಿನ್ ಶುರುವಾಗುತ್ತಿತ್ತು, ಮತ್ತೆ ಒತ್ತಿದರೆ ನಿಲ್ಲುತ್ತಿತ್ತು. ಜೊತೆಗೆ ಕೊಟ್ಟಿದ್ದ ಇನ್ನೊಂದು ರಿಮೋಟ್ ಮೊದಲ ಮಳೆಗಾಲದಲ್ಲೇ ಕೆಟ್ಟಿತು.

2005ರ ಆಯುಧಪೂಜೆಯ ದಿನ ಅಪ್ಪ ಬೈಕ್ ತೊಳೆದು ಹಾರ ಹಾಕಿ, ರಿಮೋಟನ್ನು ದೇವರ ಮುಂದೆ ನನ್ನ ಪುಸ್ತಕಗಳ ಮೇಲಿಟ್ಟರು. ಹಿಂದೆಲ್ಲ ಕೀ ಇಡುತ್ತಿದ್ದುದೂ ಅಲ್ಲೇ. ಕೀಗೆ ದೊಡ್ಡ ಕಬ್ಬಿಣದ ಬಳೆಯಿತ್ತು, ಹೂವಿನ ನಡುವೆಯೂ ಕಾಣುತ್ತಿತ್ತು. ರಿಮೋಟ್ ಸೇವಂತಿಗೆಯ ಕೆಳಗೆ ಮುಚ್ಚಿಹೋಯಿತು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ನಾವು ಯಾರೂ ಮುಟ್ಟುವುದಿಲ್ಲ. ವಿಜಯದಶಮಿಯ ಸಂಜೆ ಅಜ್ಜಿ ಬಾಡಿದ ಹೂವನ್ನೆಲ್ಲ ಬಾಚಿ, ಬೀದಿಯ ಕೊನೆಯ ಅರಳಿಮರದ ಬುಡಕ್ಕೆ ಹಾಕಿ ಬಂದರು.

ಅದರ ಮಾರನೆಯ ದಿನ ನನ್ನ ಕಲಿಕೆಯ ಲೈಸೆನ್ಸಿನ, ಅಂದರೆ ಎಲ್‌ಎಲ್‌ಆರ್‌ನ, ಕೊನೆಯ ದಿನ. ಡ್ರೈವಿಂಗ್ ಟೆಸ್ಟಿಗೆ ನಾನು ಹೋಗಲೇಬೇಕಿತ್ತು. ಅಪ್ಪನಿಗೆ ಮಂಡ್ಯಕ್ಕೆ ವರ್ಗವಾಗಿತ್ತು, ಸೋಮವಾರದಿಂದ ದಿನಾ ರೈಲು. ಲೈಸೆನ್ಸ್ ಸಿಕ್ಕರೆ ಬೈಕ್ ನನಗೆ, ಇಲ್ಲದಿದ್ದರೆ ಭಾನುವಾರ ರಾಜೀವನಗರದ ಚಿಕ್ಕಪ್ಪ ಬಂದು ತೆಗೆದುಕೊಂಡು ಹೋಗುವುದು ಎಂದು ಮಾತಾಗಿತ್ತು.

ಬೆಳಿಗ್ಗೆ ರಿಮೋಟ್ ಹುಡುಕಿದಾಗ ಇರಲಿಲ್ಲ. ಅರಳಿಮರದ ಹತ್ತಿರ ಓಡಿದೆ. ಕಟ್ಟೆಯನ್ನು ಆಗಲೇ ಗುಡಿಸಿಯಾಗಿತ್ತು. ಒಂದು ಹಸು ಉಳಿದ ಹೂವು ತಿನ್ನುತ್ತಿತ್ತು.

"ಹಸು ತಿಂದ್ಬುಡ್ತೇನೋ ಕಣೇ," ಎಂದರು ಅಜ್ಜಿ.

"ತಿಂದಿದ್ರೆ ಹಸೂಗೇ ಕಿಕ್ ಹೊಡೀಬೇಕು, ಬಾ," ಎಂದರು ಅಪ್ಪ.

ರಿಮೋಟ್ ಹಾಕಿಕೊಟ್ಟಿದ್ದ ಮೆಕ್ಯಾನಿಕ್ ಹಬ್ಬಕ್ಕೆ ಮಾವನ ಮನೆಗೆ ಹೋಗಿದ್ದ. ಅಪ್ಪ ಮೊಬೈಲಿಗೆ ಫೋನ್ ಮಾಡಿದರು. ಅವನು ಹೇಳಿದ್ದನ್ನು ಅವರು ಜೋರಾಗಿ ಮತ್ತೆ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಸೀಟು ಬಿಚ್ಚಿ, ಡಬ್ಬಿಯಿಂದ ಎರಡು ದಪ್ಪ ವೈರ್ ಕಿತ್ತು, ತುದಿ ಸುಲಿದು ಒಂದಕ್ಕೊಂದು ಹೆಣೆದು ಟೇಪ್ ಸುತ್ತಿದೆ. ಮೂರನೇ ಕಿಕ್ಕಿಗೆ ಎಂಜಿನ್ ಶುರುವಾಯಿತು.

"ಆಫ್ ಮಾಡೋದು ಹೆಂಗಪ್ಪಾ?" ಎಂದು ಅಪ್ಪ ಫೋನಿನಲ್ಲಿ ಕೇಳಿದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. "ಆಫ್ ಆಗಲ್ವಂತೆ ಕಣಮ್ಮ. ಗೇರ್ ಹಾಕಿ, ಬ್ರೇಕ್ ಹಿಡ್ಕೊಂಡು, ಕ್ಲಚ್ ಬುಟ್ಬುಡಬೇಕಂತೆ. ತಾನೇ ಸಾಯ್ತದಂತೆ."

ಒಂಟಿಕೊಪ್ಪಲಿನ ನಮ್ಮ ಮನೆಯಿಂದ ಟೆಸ್ಟಿನ ಮೈದಾನದವರೆಗೆ ಅಪ್ಪ ಓಡಿಸಿದರು. ನನ್ನ ಸರದಿ ಬಂದಾಗ ಇನ್‌ಸ್ಪೆಕ್ಟರ್ ಎಂಜಿನ್ ಆಫ್ ಮಾಡಲು ಹೇಳಿದರು. ಹೇಳಿಕೊಟ್ಟಂತೆ ಮಾಡಿದೆ. ಬೈಕ್ ಒಮ್ಮೆ ಮುಗ್ಗರಿಸಿ ಸುಮ್ಮನಾಯಿತು.

"ಇದೇನಮ್ಮಾ, ಆಫ್ ಮಾಡು ಅಂದ್ರೆ ಕತ್ತು ಹಿಚುಕಿದಂಗೆ ಮಾಡ್ತೀಯ. ಕೀ ಎಲ್ಲಿ?"

"ಕೀ ಇಲ್ಲ ಸಾರ್."

ಅವರು ಬಗ್ಗಿ ಸೀಟಿನ ಪಕ್ಕದಲ್ಲಿ ಇಣುಕುತ್ತಿದ್ದ ಟೇಪ್ ನೋಡಿದರು. "ಯಾರ ಗಾಡಿ ಇದು?"

ಅಪ್ಪ ಆರ್‌ಸಿ ಪುಸ್ತಕ ಹಿಡಿದು ಮುಂದೆ ಬಂದು ಪೂಜೆ, ಸೇವಂತಿಗೆ, ಹಸು ಎಲ್ಲ ಹೇಳಿದರು. ಸಾಲಿನಲ್ಲಿದ್ದವರು ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬರು, "ನನ್ ಸ್ಕೂಟರ್ ತಗೊಳಮ್ಮ, ಗೇರಿಲ್ಲ, ಸುಲಭ," ಎಂದರು.

"ಅದ್ರಲ್ಲೇ ಕೊಟ್ಬುಡು, ಏನೋ ಒಂದು ಲೈಸೆನ್ಸ್ ಆಗ್ತದೆ," ಎಂದರು ಅಪ್ಪ.

ಗೇರಿಲ್ಲದ ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟರೆ ಗೇರಿಲ್ಲದ ಗಾಡಿಗೆ ಮಾತ್ರ ಲೈಸೆನ್ಸ್. ಆಗ ಬೈಕ್ ಹೇಗೂ ಚಿಕ್ಕಪ್ಪನಿಗೇ. ಅಪ್ಪನಿಗೆ ಅದು ಹೊಳೆದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

"ಇದ್ರಲ್ಲೇ ಮಾಡ್ತೀನಿ ಸಾರ್," ಎಂದೆ.

"ಮಧ್ಯ ನಿಂತ್ರೆ ಫೇಲ್. ಕಾಲು ನೆಲಕ್ಕೆ ತಾಗಿದ್ರೂ ಫೇಲ್."

"ಸರಿ ಸಾರ್."

ಮೊದಲ ಎರಡು ಕಿಕ್ ಖಾಲಿ ಹೋದವು. ಶುರುವಾದ ಮೇಲೆ ನೆಲದ ಮೇಲೆ ಬರೆದಿದ್ದ ಎಂಟರ ಅಂಕಿಯ ಗೆರೆಯ ಮೇಲೆ ಒಂದನೇ ಗೇರಿನಲ್ಲಿ ನಿಧಾನವಾಗಿ ಹೋದೆ. ಎರಡನೇ ತಿರುವಿನಲ್ಲಿ ಬೈಕ್ ಒಳಗೆ ವಾಲಿತು. ಕಾಲಿಡಬೇಕೆನಿಸಿತು, ಇಡಲಿಲ್ಲ. ಸ್ವಲ್ಪ ಆಕ್ಸಲರೇಟರ್ ಕೊಟ್ಟೆ, ನೆಟ್ಟಗಾಯಿತು. ಇನ್‌ಸ್ಪೆಕ್ಟರ್ ಇನ್ನೊಂದು ಸುತ್ತು ಹಾಕಲು ಹೇಳಿದರು. ಅದನ್ನೂ ಹಾಕಿ ಅವರ ಮುಂದೆ ಬಂದು ನಿಂತೆ.

ಅವರು ಕಾಗದಕ್ಕೆ ಸಹಿ ಹಾಕಿ ಅಪ್ಪನಿಗೆ ಕೊಟ್ಟರು. "ಹುಡುಗಿ ಓಡಿಸ್ತಾಳೆ. ನೀವು ಮೊದ್ಲು ಒಂದು ಬೀಗ ಹಾಕಿಸ್ರಿ, ಸ್ವಾಮಿ."

ಅಪ್ಪ ಅಲ್ಲಿಂದಲೇ ಚಿಕ್ಕಪ್ಪನಿಗೆ ಫೋನ್ ಮಾಡಿದರು. "ಭಾನುವಾರ ಬಾ, ಊಟಕ್ಕೆ. ಗಾಡಿ ಇಲ್ಲೇ ಇರ್ತದೆ." ಆ ಕಡೆಯಿಂದ ಏನು ಹೇಳಿದರೋ, ಅಪ್ಪ, "ಗೇರಿಂದೇ ಕಣೋ," ಎಂದರು.

ಲೈಸೆನ್ಸ್ ಕೈಗೆ ಬಂದ ಮೇಲೆ ಅಪ್ಪನನ್ನು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿಗೆ ಬಿಡುವುದು ನನ್ನ ಕೆಲಸವಾಯಿತು. ಹಿಂದೆ ಕೂತು, ಯಾವಾಗ ಯಾವ ಗೇರ್ ಹಾಕಬೇಕೆಂದು ಹೇಳುತ್ತಿದ್ದರು.